ಒಂದು ಹಿಡಿ ಗೊಬ್ಬರದ ವಾಸನೆ

ಅವರ ಬಲಗೈ ಉಗುರುಗಳಿಗೆ ಎರಡು ಬಣ್ಣ. ಮೇಲೆಲ್ಲ ಮದರಂಗಿಯ ಕೆಂಪು, ಅಂಚಿನಲ್ಲಿ ಗೊಬ್ಬರದ ಕಪ್ಪು. ಕೆಂಪು ಕೆಲವು ವಾರಗಳಲ್ಲಿ ಮಾಸುತ್ತಿತ್ತು, ಕಪ್ಪು ಮಾತ್ರ ಯಾವ ಸೋಪಿಗೂ ಬಗ್ಗಿದ್ದಲ್ಲ. ಆ ಕೈ ನಮ್ಮ ಕಾಂಪೌಂಡ್ ಗೋಡೆಯ ಮೇಲಿಂದ ಚಾಚಿಕೊಂಡು ಬಂದರೆ ಅದರಲ್ಲಿ ಒಂದು ಹಿಡಿ ಗೊಬ್ಬರ ಇದ್ದೇ ಇರುತ್ತಿತ್ತು.

ತುಮಕೂರಿನ ನಮ್ಮ ಬೀದಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ನನಗೆ ಪಕ್ಕದ ಮನೆಯವರು. ಗಂಡ ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡುತ್ತಿದ್ದವರು, ತೀರಿಕೊಂಡಿದ್ದರು. ಖಾಲಾ ಸೀರೆಗಳಿಗೆ ಫಾಲ್ಸ್ ಹೊಲಿಯುತ್ತಿದ್ದರು. ಹೊಲಿಗೆ ಹೊಟ್ಟೆಪಾಡು, ಜೀವವೆಲ್ಲ ಹಿತ್ತಲಿನಲ್ಲಿ ತೂತು ಕೊರೆದಿಟ್ಟ ಎರಡು ಗೊಬ್ಬರದ ಡ್ರಮ್ಮುಗಳಲ್ಲಿತ್ತು.

ನಮ್ಮ ಬಡಾವಣೆಯ ನೆಲ ನೆಲವೇ ಅಲ್ಲ. ಯಾರದೋ ಹಳೇ ಕಟ್ಟಡ ಕೆಡವಿದ ಇಟ್ಟಿಗೆ ಚೂರು, ಸಿಮೆಂಟಿನ ಉಂಡೆ ತುಂಬಿ, ಮಟ್ಟ ಮಾಡಿ ಸೈಟು ಮಾಡಿದ್ದು. ನಾನು ಹೆಬ್ಬೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳುವವಳು. ಮಣ್ಣಿನ ಪದರಗಳನ್ನು ಬೋರ್ಡಿನ ಮೇಲೆ ಚೆನ್ನಾಗಿಯೇ ಬಿಡಿಸುತ್ತೇನೆ. ಮನೆಯಲ್ಲಿ ಒಂದು ತುಳಸಿ ಗಿಡ ಉಳಿಸಿಕೊಳ್ಳುವ ಯೋಗ್ಯತೆ ಇರಲಿಲ್ಲ. ಅದೇ ನೆಲದಲ್ಲಿ ಖಾಲಾ ಬದನೆ, ಮೆಣಸಿನಕಾಯಿ, ಪುದೀನ ಎಲ್ಲ ಎಬ್ಬಿಸಿದ್ದರು. ಬೀದಿಯವರು ಅವರ ಕೈಗುಣ ಎನ್ನುತ್ತಿದ್ದರು. ಖಾಲಾ ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಜಗತ್ತಿನಲ್ಲಿ ಅವರಿಗಿದ್ದ ಒಂದೇ ಜಂಬ ಅದು.

ನಮ್ಮ ತರಕಾರಿ ಸಿಪ್ಪೆಯೆಲ್ಲ ಗೋಡೆ ದಾಟಿ ಅವರ ಡ್ರಮ್ಮಿಗೆ ಹೋಗುತ್ತಿತ್ತು. ಒಂದು ಪಾಲು ಹಸಿ ಕಸಕ್ಕೆ ಎರಡು ಪಾಲು ಒಣಗಿದ ಎಲೆ, ತೆಂಗಿನ ನಾರು; ಮೇಲೆ ಹುಳಿ ಮಜ್ಜಿಗೆಯ ಚಿಮುಕು; ಪ್ರತಿ ಗುರುವಾರ ಕೋಲಿನಿಂದ ತಿರುವುವುದು. ನಾನೊಮ್ಮೆ, "ಅದೇನು ಖಾಲಾ, ಕಸ ತಾನಾಗೇ ಕೊಳೆಯಲ್ವಾ?" ಎಂದಿದ್ದೆ.

"ಕೊಳೆಯೋದು ಬೇರೆ, ಕಳಿಯೋದು ಬೇರೆ ಕಣ್ರಮ್ಮ. ಹಂಗೇ ಬುಟ್ರೆ ಕೊಳೆಯುತ್ತೆ. ನೋಡ್ಕಂಡ್ರೆ ಕಳಿಯುತ್ತೆ."

ಹದ ನೋಡುವುದಕ್ಕೆ ಅವರಿಗಿದ್ದದ್ದು ಮೂಗೊಂದೇ. ಹೊಸ ಮಡಕೆಗೆ ನೀರು ಹುಯ್ದ ವಾಸನೆ ಬಂದರೆ ಗೊಬ್ಬರ ಆಯಿತು ಎಂದು ಲೆಕ್ಕ. ಊರಿಗೆಲ್ಲ ಮಾಸ್ಕ್ ಕಟ್ಟಿಸಿದ ಆ ಜ್ವರ ಖಾಲಾರನ್ನು ಉಳಿಸಿತು, ಮೂಗನ್ನು ತೆಗೆದುಕೊಂಡು ಹೋಯಿತು. ಬಿರಿಯಾನಿಯೂ ಗೊತ್ತಾಗುವುದಿಲ್ಲ, ಬೀದಿಯ ಚರಂಡಿಯೂ ಗೊತ್ತಾಗುವುದಿಲ್ಲ. "ಚರಂಡಿ ಮಟ್ಟಿಗೆ ಒಳ್ಳೇದೇ ಆಯ್ತು ಬುಡಿ" ಎಂದು ನಕ್ಕರು. ಆಮೇಲೆ ಗೋಡೆಯ ಮೇಲಿಂದ ಕೈ ಚಾಚಿದರು. "ಟೀಚರಮ್ಮ, ಒಸಿ ಮೂಸಿ ನೋಡ್ರಮ್ಮ. ಇನ್ಮೇಲೆ ನಿಮ್ಮ ಮೂಗೇ ನನ್ನ ಮೂಗು."

ಹೀಗೆ ನಾನು ಖಾಲಾರ ಮೂಗಾದೆ. ನನಗೂ ಒಂದು ಗತ್ತು ಬಂತು. ಕಣ್ಣು ಮುಚ್ಚಿ ಮೂಸಿ, "ಇನ್ನೂ ಹುಳಿ ಇದೆ, ಎರಡು ವಾರ ಬೇಕು" ಎಂದು ತೀರ್ಪು ಕೊಡುತ್ತಿದ್ದೆ. ಅವರು ತಲೆಯಾಡಿಸಿ ಹೋಗುತ್ತಿದ್ದರು.

ಅವರ ಹಿತ್ತಲಿನ ಮೂಲೆಯಲ್ಲಿ ಒಂದು ಪನ್ನೀರು ಗುಲಾಬಿ ಇತ್ತು. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಲ್ಲಿ ಅವರ ತಾಯಿ ಬೆಳೆಸಿದ್ದ ಗಿಡದ ಕಡ್ಡಿ. ತಾಯಿಯೂ ಇಲ್ಲ, ಆ ಮನೆಯೂ ಇಲ್ಲ, ಮೂಲದ ಗಿಡವೂ ಇಲ್ಲ. ತೀರಿಕೊಂಡವರನ್ನು ನೆನೆಯುವ ಶಬೆ ಬರಾತ್ ಹಬ್ಬಕ್ಕೆ ಗಂಡನ ಗೋರಿಗೆ ಅದೇ ಹೂವು ಹೋಗಬೇಕು, ಅಂಗಡಿಯದು ಸಲ್ಲದು. ಆ ವರ್ಷ ಗಿಡ ಸೊರಗಿತ್ತು. ಬೇರು ಇಟ್ಟಿಗೆ ಚೂರಿಗೆ ಸಿಕ್ಕಿಕೊಂಡಿದೆ, ಚೆನ್ನಾಗಿ ಕಳಿತ ಗೊಬ್ಬರ ಬಿದ್ದರೆ ಮಾತ್ರ ಹಬ್ಬದ ಹೊತ್ತಿಗೆ ಮೊಗ್ಗು ಬರುತ್ತದೆ ಎಂದು ಖಾಲಾ ಒಂದು ಡ್ರಮ್ಮನ್ನು ಅದಕ್ಕೆಂದೇ ಮೀಸಲಿಟ್ಟಿದ್ದರು.

ಅಷ್ಟರಲ್ಲಿ ಕುಣಿಗಲ್ಲಿನಲ್ಲಿ ಅವರ ಮಗಳ ಹೆರಿಗೆ. ಖಾಲಾ ಹೊರಡುವಾಗ ಹಿತ್ತಲಿನ ಬೀಗದ ಕೈ ನನಗೆ ಕೊಟ್ಟರು. "ಗುರುವಾರ ಗುರುವಾರ ತಿರುವಿ. ಒಣ ಎಲೆ ಮರೀಬೇಡಿ. ಮಿಕ್ಕಿದ್ದು ಅದೇ ನೋಡ್ಕಳುತ್ತೆ."

ಮೊದಲ ಗುರುವಾರ ತಿರುವಿದೆ. ಎರಡನೆಯದಕ್ಕೆ ಪರೀಕ್ಷೆಯ ಪೇಪರುಗಳು ಅಡ್ಡ ಬಂದವು. ಸಿಪ್ಪೆಯನ್ನು ಮಾತ್ರ ತಪ್ಪದೆ ಸುರಿದೆ. ಒಣ ಎಲೆ ಹಾಕಲಿಲ್ಲ. ಮೂರನೆಯ ವಾರ ಗುಲಾಬಿಗೆ ಮೀಸಲಿಟ್ಟ ಡ್ರಮ್ಮಿನ ತೂತುಗಳಿಂದ ಬಿಳಿ ಹುಳಗಳು ಹೊರಟು ಗೋಡೆ ಹತ್ತಿ ನಮ್ಮ ಅಂಗಳಕ್ಕೆ ಇಳಿದವು. ಅದೂ ಯಾವತ್ತು? ಗುಬ್ಬಿಯಿಂದ ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ಬೆಳಿಗ್ಗೆ. ನನ್ನ ಕೈಗೆ ಸಿಕ್ಕಿದ್ದು ಫಿನಾಯಿಲ್. ಒಂದು ಬಾಟಲಿ ಪೂರ್ತಿ ಡ್ರಮ್ಮಿಗೆ ಸುರಿದೆ. ಒಂದು ಹಿಡಿ ಮಣ್ಣಿನಲ್ಲಿ ಎಷ್ಟು ಜೀವ ಇರುತ್ತದೆ ಎಂದು ಮಕ್ಕಳಿಗೆ ನೋಟ್ಸ್ ಬರೆಸಿದವಳು ನಾನೇ.

ಬಂದವರು ಉಪ್ಪಿಟ್ಟು, ಕೇಸರಿಬಾತ್ ತಿಂದು ಫೋನ್ ಮಾಡುತ್ತೇವೆ ಎಂದು ಹೋದರು. ಫೋನ್ ಬರಲಿಲ್ಲ.

ತಿಂಗಳು ಕಳೆದು ಖಾಲಾ ಬಂದರು. ಬಂದ ದಿನವೇ ಗೋಡೆಯ ಮೇಲೆ ಆ ಕೈ. "ಮೂಸಿ ನೋಡ್ರಮ್ಮ." ಮೂಸಿದೆ. ಬಸ್‌ಸ್ಟ್ಯಾಂಡಿನ ಶೌಚಾಲಯದ ವಾಸನೆ ಮೂಗಿಗೆ ಹೊಡೆಯಿತು. ನಿಜ ಹೇಳಿದ್ದರೆ ಬೈಯುತ್ತಿದ್ದರು, ಡ್ರಮ್ ಖಾಲಿ ಮಾಡುತ್ತಿದ್ದರು, ಅಷ್ಟೇ. ನಾನು, "ಮಡಕೆ ವಾಸನೆ ಬಂದಿದೆ ಖಾಲಾ" ಎಂದೆ.

"ಎರೆಹುಳ ಒಂದೂ ಕಾಣ್ತಿಲ್ವಲ್ಲ?"

"ಬಿಸಿಲಿಗೆ ಕೆಳಗೆ ಹೋಗಿರ್ತವೆ."

ಅವರು ಬಟ್ಟಲು ಬಟ್ಟಲಾಗಿ ಅದನ್ನೆಲ್ಲ ಗುಲಾಬಿಯ ಬುಡಕ್ಕೆ ಹಾಕುವುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ನೋಡಿಕೊಂಡು ಸಾರಿಗೆ ಒಗ್ಗರಣೆ ಹಾಕಿದೆ.

ಎಲೆಗಳು ಮೊದಲು ಅಂಚಿನಲ್ಲಿ ಸುಟ್ಟವು, ಆಮೇಲೆ ಉದುರಿದವು. ಹಬ್ಬದ ಹೊತ್ತಿಗೆ ಗಿಡ ಬರೀ ಕಡ್ಡಿಯಾಗಿತ್ತು. ಖಾಲಾ ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿದರು, ಒಳಗೂ ಹಸಿರಿರಲಿಲ್ಲ. ಆ ವರ್ಷ ಗೋರಿಗೆ ಅಂಗಡಿಯ ಹೂವು ಹೋಯಿತು.

"ಮೂಗಿನ ಜೊತೆ ಕೈಗುಣಾನೂ ಹೋಯ್ತು ಕಣ್ರಮ್ಮ" ಎಂದರು. ಅಳಲಿಲ್ಲ. ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ, "ಕಾಫಿ ಕುಡೀತೀರಾ?" ಎಂದು ಕೇಳಿದೆ.

ಆಮೇಲೆ ಅವರು ಡ್ರಮ್ಮುಗಳನ್ನು ಗುಜರಿಯವನಿಗೆ ಕೊಟ್ಟರು. ಸಿಪ್ಪೆ ಕಸದ ಗಾಡಿಗೆ ಹೋಗತೊಡಗಿತು. ಬದನೆ, ಮೆಣಸಿನಕಾಯಿ ಒಣಗಿದವು. ಗಿಡ ಮುಟ್ಟಲೇ ಹೆದರುತ್ತಿದ್ದರು. ವರ್ಷ ತುಂಬುವುದರೊಳಗೆ ಮಗಳು ಕುಣಿಗಲ್ಲಿಗೆ ಕರೆದುಕೊಂಡು ಹೋದಳು. ಹೊರಟ ದಿನ ನೋಡಿದೆ, ಉಗುರುಗಳ ಅಂಚು ಬೆಳ್ಳಗಿತ್ತು.

ಅಲ್ಲೇ ತೀರಿಕೊಂಡರು. ಸುದ್ದಿ ತಿಳಿದು ಹೋದಾಗ ಮಣ್ಣಾಗಿ ಮೂರು ದಿನವಾಗಿತ್ತು. ಮಗಳು ಚಹಾ ಕೊಟ್ಟು ಪಕ್ಕದಲ್ಲಿ ಕೂತಳು.

"ಅಮ್ಮೀಗೆ ಕಡೇವರ್ಗೂ ಆ ಗುಲಾಬಿದೇ ಚಿಂತೆ ಕಣಕ್ಕ. ಟೀಚರಮ್ಮ ಮೂಸಿ ಚೆನ್ನಾಗೈತೆ ಅಂದ್ರು, ಅವ್ರು ಸುಳ್ಳು ಹೇಳೋರಲ್ಲ, ಗೊಬ್ರ ಸರಿಯಾಗೇ ಇತ್ತು, ನನ್ ಕೈನೇ ಕೆಟ್ಟಿದ್ದು ಅಂತಿದ್ರು. ನನ್ ಕೂಸಿಗೆ ಎಣ್ಣೆ ಹಚ್ಚೋಕೂ ಹಿಂದೇಟು ಹಾಕ್ತಿದ್ರು, ಕೆಟ್ಟ ಕೈ ತಾಗ್ಬಾರ್ದು ಅಂತ."

ಚಹಾ ಮುಗಿಸಿದೆ. ಬಸ್ಸು ಹತ್ತಿ ಬಂದುಬಿಟ್ಟೆ.

ಈಗ ನಮ್ಮ ಹಿತ್ತಲಿನಲ್ಲಿ ಎರಡು ಡ್ರಮ್ಮುಗಳಿವೆ. ಒಂದು ಪಾಲು ಹಸಿ, ಎರಡು ಪಾಲು ಒಣ, ಗುರುವಾರ ತಪ್ಪಿಸುವುದಿಲ್ಲ. ಪುದೀನ ದಟ್ಟವಾಗಿ ಬಂದಿದೆ, ಬದನೆ ಬೀದಿಗೆಲ್ಲ ಹಂಚುವಷ್ಟು. ಗುಲಾಬಿ ಹಾಕಿಲ್ಲ. ಗೊಬ್ಬರ ಕೇಳಿಕೊಂಡು ಬರುವವರು, "ಟೀಚರಮ್ಮ, ನಿಮ್ಮ ಕೈಗುಣ ಭಾಳ ಒಳ್ಳೇದು" ಎನ್ನುತ್ತಾರೆ. ನಾನು ಅವರ ಚೀಲ ತುಂಬಿಸುತ್ತೇನೆ.