ಅವ್ವ ಗುರಿ ಕೂಡಿಸಿದ ಕೋವಿ

ನಾವು ಚಿಕ್ಕವರಿದ್ದಾಗ ತೊಣ್ಣೂರಿನ ಸುತ್ತ ಕಬ್ಬು ಕಡಿಯುವ ಕಾಲ ಬಂತೆಂದರೆ ಗಾಳಿಗೆಲ್ಲ ಬೆಲ್ಲದ ವಾಸನೆ ಹತ್ತುತ್ತಿತ್ತು. ಆಲೆಮನೆಯ ಕೊಪ್ಪರಿಗೆಯ ಅಂಚಿನಿಂದ ಕೆರೆದ ಬಿಸಿ ಪಾಕವನ್ನು ಮುತ್ತುಗದ ಎಲೆಯ ಮೇಲೆ ಹಾಕಿಸಿಕೊಂಡು ಊದಿ ಊದಿ ನೆಕ್ಕುತ್ತಿದ್ದೆವು. ಕಬ್ಬಿನ ಸೋಗೆಯಲ್ಲಿ ಜಡೆ ಹೆಣೆದು ಮುಡಿದುಕೊಂಡು ಮದುವೆಯಾಟ ಆಡುತ್ತಿದ್ದೆವು. ಗದ್ದೆಯ ಒಳಕ್ಕೆ ಮಾತ್ರ ಕಾಲಿಡುವಂತಿರಲಿಲ್ಲ. ಗುಡ್ಡದಿಂದ ಇಳಿದ ಕಾಡುಹಂದಿಗಳು ಹಗಲೆಲ್ಲ ಆ ಕಬ್ಬಿನೊಳಗೇ ಮಲಗಿರುತ್ತಿದ್ದವು.

ಒಂದು ಸಂಜೆ ಅವ್ವ ಬದುವಿನ ಮೇಲೆ ಕುಳಿತು ಹಸುವಿಗೆ ಹುಲ್ಲು ಕುಯ್ಯುತ್ತಿದ್ದಳು. ನಾನು ಪಕ್ಕದಲ್ಲಿ ಕಬ್ಬು ಸಿಗಿಯುತ್ತಿದ್ದೆ. ಸೋಗೆ ಸರ್ರೆಂದಿತು, ಅಷ್ಟೆ. ಕರಿಯದೊಂದು ಬಂಡೆ ಉರುಳಿ ಬಂದ ಹಾಗೆ ಹಂದಿ ಅವ್ವನನ್ನು ಕೆಡವಿ, ತೊಡೆಗೆ ಕೋರೆ ಹಾಕಿ, ತಲೆ ಒದರಿ ಓಡಿತು. ತೊಡೆ ಮೊಣಕಾಲಿನವರೆಗೂ ಬಾಯಿ ಬಿಟ್ಟಿತ್ತು. ಮೊದಲು ಬೆಳ್ಳಗೆ ಕಂಡಿತು. ಆಮೇಲೆ ರಕ್ತ ಉಕ್ಕಿ ಹುಲ್ಲಿನ ಹೊರೆಯೆಲ್ಲ ನೆನೆಯಿತು. ನಾನು ಕಿರುಚಿದ್ದನ್ನು ಕೇಳಿ ಪಕ್ಕದ ಹೊಲದಿಂದ ನಿಂಗಣ್ಣ ಚಿಕ್ಕಪ್ಪ ಓಡಿ ಬಂದ. ಉಟ್ಟ ಪಂಚೆ ಬಿಚ್ಚಿ ತೊಡೆಗೆ ಬಿಗಿದು, ಅವ್ವನನ್ನು ಹೆಗಲಿಗೆ ಹಾಕಿಕೊಂಡು, ಬರೀ ಚಡ್ಡಿಯಲ್ಲೇ ರಸ್ತೆಗೆ ಓಡಿ ಪಾಂಡವಪುರದ ಬಸ್ಸಿಗೆ ಅಡ್ಡ ನಿಂತ.

ಅವ್ವ ಬದುಕಿದಳು. ಕಾಲು ಕುಂಟಾಯಿತು.

ಅಪ್ಪ ಬೆಳೆ ಕಾಯುವ ಪರವಾನಗಿ ಮಾಡಿಸಿ, ಮೈಸೂರಿನಿಂದ ಹಳೆಯ ರೈಫಲ್ಲೊಂದನ್ನು ತಂದ. ಹೊಸದು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಹಿಡಿಯ ಮರ ಸೀಳಿತ್ತು, ಅದಕ್ಕೆ ತಂತಿ ಸುತ್ತಿದ್ದರು. ಅಪ್ಪ ಅದನ್ನು ಒರೆಸಿ, ಕಣ್ಣಿಗೊತ್ತಿಕೊಂಡು ಅಟ್ಟದ ಮೇಲಿಟ್ಟ. "ಆ ಹಂದೀನ ಮಲಗುಸ್ದೆ ಬುಡಾಕಿಲ್ಲ" ಎಂದ.

ಸ್ವಲ್ಪ ದಿನಕ್ಕೇ ಅವಕಾಶ ಒದಗಿತು. ಬೆಳಗ್ಗೆ ಮಂಜು ಕರಗುವ ಹೊತ್ತಿಗೆ ಹಂದಿಯೊಂದು ಬದು ದಾಟುತ್ತಿತ್ತು. ಅಪ್ಪ ಸಾವಕಾಶವಾಗಿ ಗುರಿ ಹಿಡಿದು ಹೊಡೆದ. ಹಂದಿಗೆ ಏನೂ ಆಗಲಿಲ್ಲ. ಎಡಕ್ಕೆ ದೂರದಲ್ಲಿ ಚಿಕ್ಕಪ್ಪನ ಎತ್ತು ಮುಂಗಾಲು ಮಡಿಚಿ ಕುಸಿಯಿತು. ಕುತ್ತಿಗೆಗೆ ಗುಂಡು ಬಿದ್ದಿತ್ತು. ಅದು ಬೇಗ ಸಾಯಲಿಲ್ಲ. ಗೊರಕೆ ಹೊಡೆದಂತೆ ಉಸಿರೆಳೆಯುತ್ತ, ಕಾಲಲ್ಲಿ ಮಣ್ಣು ಕೆರೆಯುತ್ತ, ಮೂಗಿನಲ್ಲಿ ರಕ್ತದ ಗುಳ್ಳೆ ಬಿಡುತ್ತಿತ್ತು. ಚಿಕ್ಕಪ್ಪ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಅದರ ಕಣ್ಣು ನಿಂತ ಮೇಲೆ ಎದ್ದು ಬಂದು, ಬಾರುಕೋಲಿನ ಹಿಡಿಯಿಂದ ಅಪ್ಪನ ಮುಖಕ್ಕೆ ಹೊಡೆದ. ಅಪ್ಪನ ಹಲ್ಲು ಮುರಿಯಿತು. ಅಪ್ಪ ಅವನನ್ನು ಕೆಡವಿಕೊಂಡು ಎದೆಯ ಮೇಲೆ ಕುಳಿತು ಗುದ್ದಿದ. ಇಬ್ಬರೂ ಎತ್ತಿನ ರಕ್ತದಲ್ಲೇ ಹೊರಳಾಡಿದರು.

"ಬೇಕೂಂತ್ಲೇ ಹೊಡ್ದೆ ಕಣ್ಲಾ! ನನ್ ಮನೆ ಹಾಳ್ ಮಾಡಾಕೇಯ ಕೋವಿ ತಂದಿದ್ದೀಯ!"

"ಇನ್ನೊಂದ್ ಮಾತಾಡುದ್ರೆ ನಿನ್ನೂ ಸುಟ್ಟಾಕ್ಬುಡ್ತೀನಿ ನೋಡ್ಲಾ!"

ಅಪ್ಪನ ಆ ಮಾತನ್ನು ಊರೆಲ್ಲ ಕೇಳಿತು. ಅಂದಿನಿಂದ ಎರಡು ಮನೆಗಳ ನಡುವೆ ಮಾತು ನಿಂತಿತು. ಚಿಕ್ಕಮ್ಮ ಹಿತ್ತಲಿಗೆ ಮುಳ್ಳು ಹಾಕಿಸಿದಳು. ಆಟಕ್ಕೆ ಬರುತ್ತಿದ್ದ ಅವರ ಮಕ್ಕಳು ನಮ್ಮನ್ನು ಕಂಡರೆ ಮುಖ ತಿರುಗಿಸಿದರು.

ಅಪ್ಪ ಕೋವಿಯನ್ನು ಕೆರೆಗೆ ಎಸೆಯಲು ಹೊರಟಿದ್ದ. ಅವ್ವ ಬಾಗಿಲಲ್ಲಿ ಅಡ್ಡ ನಿಂತಳು.

"ಕೋವೀದೇನು ತಪ್ಪು? ಗುರಿ ಕೂಡುಸ್ದೆ ಹೊಡುದ್ರೆ ಅದೇನ್ ಮಾಡಾತು? ಇಂಗ್ ಕೊಡಿ."

ಅವ್ವನ ತವರು ನಾಗಮಂಗಲದ ಕಡೆಯ ಕುರುಚಲು ಕಾಡಿನಂಚಿನ ಊರು. ನಮ್ಮ ತಾತ ಅಲ್ಲಿ ಕೋವಿ ಹಿಡಿದರೆ ಗುರಿ ತಪ್ಪದ ಈಡುಗಾರನಂತೆ. ಗಂಡುಮಕ್ಕಳಿಲ್ಲದ ಆತ ಮಗಳಿಗೇ ಎಲ್ಲ ಕಲಿಸಿದ್ದ. ನಮ್ಮ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳು ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ನನಗಿರಲಿ, ಅಪ್ಪನಿಗೂ ಅದು ಅಂದೇ ಗೊತ್ತಾದದ್ದು.

ಹಿಡಿಯ ಮರ ಮಳೆ ಕುಡಿದು ಉಬ್ಬಿ ನಳಿಗೆಯನ್ನು ಒಂದು ಪಕ್ಕಕ್ಕೆ ಒತ್ತುತ್ತಿರುವುದನ್ನು ಅವಳು ಮೊದಲು ಕಂಡುಹಿಡಿದಳು. ಒಡೆದ ಬಳೆಚೂರಿನಿಂದ ಆ ಮರವನ್ನು ಹೊತ್ತುಗಟ್ಟಲೆ ಹೆರೆದಳು. ನಳಿಗೆಗೂ ಮರಕ್ಕೂ ನಡುವೆ ಕಾಗದದ ಹಾಳೆ ಸಲೀಸಾಗಿ ಓಡಾಡಿದ ಮೇಲೇ ಕೈ ತೆಗೆದಳು. ಸಡಿಲಿದ್ದ ಸ್ಕ್ರೂಗಳನ್ನು ಬಿಗಿ ಮಾಡಿಸಿದಳು. ನಳಿಗೆಯೊಳಕ್ಕೆ ಸೀಮೆಎಣ್ಣೆಯ ಬಟ್ಟೆ ಎಳೆದಾಗ ವರ್ಷಗಳ ಕಿಲುಬು ಹೊರಬಂತು.

ಆಮೇಲೆ ಊರಾಚೆ ಕೈಬಿಟ್ಟ ಕಲ್ಲುಗಣಿಗೆ ಹೋದೆವು. ಎತ್ತರದ ಮಣ್ಣುಗೋಡೆಗೆ ಸಿಮೆಂಟಿನ ಚೀಲ ಹರವಿ, ಇದ್ದಿಲಿನಲ್ಲಿ ದುಂಡಗೆ ಬರೆದೆವು. ಮರಳು ತುಂಬಿದ ಮೂಟೆಯ ಮೇಲೆ ಕೋವಿ ಊರಿ, ಅಪ್ಪನನ್ನು ಬೋರಲು ಮಲಗಿಸಿ ಅವ್ವ ಪಕ್ಕದಲ್ಲಿ ಕುಕ್ಕರಿಸಿದಳು. ಒಂದೇ ಗುಂಡು ಬಿದ್ದ ಜಾಗ ನೋಡಿ ಕೋವಿಯ ಗುರಿ ತಿದ್ದಬಾರದಂತೆ. ಕೆಲವನ್ನು ಒಂದೇ ಗುರಿಗೆ ಹೊಡೆದು, ಅವೆಲ್ಲ ಎಲ್ಲಿ ಗುಂಪಾಗಿ ಬೀಳುತ್ತವೆ ಅಂತ ನೋಡಬೇಕಂತೆ. ಗುಂಪೇನೋ ಒಟ್ಟಾಗಿಯೇ ಬಿತ್ತು, ಆದರೆ ವೃತ್ತದ ಎಡಕ್ಕೆ.

"ನಳಿಗೆ ತುದೀಲಿರೋ ಗುರಿ ಮಣೀನ ಎಡಕ್ ತಟ್ಟಿ" ಎಂದಳು ಅವ್ವ.

"ಎಡಕ್ಕೇ ಓಗ್ತಾ ಅದಲ್ಲ, ಇನ್ನೂ ಎಡಕ್ಕಾ? ನಿಂಗೇನ್ ತಲೆ ಕೆಟ್ಟದಾ?"

"ಮುಂದಿನ್ ಮಣಿ ಗುಂಡ್ ಓದ್ ಕಡೀಕೇಯ ಓಗ್ಬೇಕು. ಆಗ ಅದುನ್ನ ಗುರಿಗ್ ತರಾಕೆ ನಳಿಗೆ ಬಲಕ್ಕೆ ತಿರುಗ್ತದೆ. ತಟ್ಟಿ ನೋಡಿ."

ಅಪ್ಪ ಹಿತ್ತಾಳೆಯ ತುಂಡಿಟ್ಟು ಮೆಲ್ಲಗೆ ತಟ್ಟಿದ. ನಳಿಗೆ ಆರುವ ತನಕ ಬೇವಿನ ನೆರಳಲ್ಲಿ ಕುಳಿತು ರಾಗಿ ರೊಟ್ಟಿಗೆ ಹುಚ್ಚೆಳ್ಳಿನ ಚಟ್ನಿ ನೆಂಚಿಕೊಂಡು ತಿಂದೆವು. ಬೆರಳಲ್ಲೆಲ್ಲ ಸುಟ್ಟ ಮದ್ದಿನ ವಾಸನೆ. ಮತ್ತೆ ಹೊಡೆದಾಗ ತೂತುಗಳು ವೃತ್ತದೊಳಗೆ ಬಿದ್ದಿದ್ದವು, ನನ್ನ ಅಂಗೈಯಲ್ಲಿ ಮುಚ್ಚಬಹುದಾದಷ್ಟು ಹತ್ತಿರ ಹತ್ತಿರ. ಅಪ್ಪ ಅವ್ವನನ್ನು ಹೊಸಬಳನ್ನು ನೋಡಿದ ಹಾಗೆ ನೋಡಿದ.

ಕಟಾವಿನ ದಿನ ನಾಲ್ಕೂ ಕಡೆಯಿಂದ ಕಡಿಯುತ್ತ ಬಂದು, ಮಧ್ಯಾಹ್ನದ ಹೊತ್ತಿಗೆ ಗದ್ದೆಯ ನಡುವೆ ಒಂದು ತುಂಡು ಕಬ್ಬು ಮಾತ್ರ ಉಳಿದಿತ್ತು. ಹಂದಿ ಅದರೊಳಗಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಆಳುಗಳು ತಗಡು ಬಡಿಯುತ್ತಿದ್ದರು. ಅಪ್ಪ ಗಾಡಿಯ ಪಕ್ಕ ಕೋವಿ ಹಿಡಿದು ನಿಂತಿದ್ದ. ಚಿಕ್ಕಪ್ಪ ನಮ್ಮ ಕಡೆಗೆ ತಿರುಗಿಯೂ ನೋಡದೆ ಪಕ್ಕದ ತನ್ನ ಗದ್ದೆಯಲ್ಲಿ ಸೋಗೆ ತರಿಯುತ್ತಿದ್ದ.

ಹಂದಿ ಅವನ ಕಡೆಗೇ ನುಗ್ಗಿತು. ಚಿಕ್ಕಪ್ಪ ಮಚ್ಚು ಎತ್ತುವಷ್ಟರಲ್ಲಿ ಅವನನ್ನು ಕಾಲುವೆಗೆ ಕೆಡವಿ ಮೇಲೆ ಬಿತ್ತು. ಅವನು ಎಡಗೈಯನ್ನು ಅದರ ಬಾಯಿಗೆ ಅಡ್ಡ ಕೊಟ್ಟ. ಮೂಳೆ ಮುರಿದ ಸದ್ದು ನಾವು ನಿಂತಲ್ಲಿಗೂ ಕೇಳಿತು. ಕೆಸರು, ರಕ್ತ, ಚಿಕ್ಕಪ್ಪನ ಬಿಳಿ ಬನೀನು, ಹಂದಿಯ ಕರಿ ಬೆನ್ನು ಎಲ್ಲ ಒಂದಾಗಿ ಹೊರಳುತ್ತಿದ್ದವು.

"ಹೊಡಿ ಕೆಂಪಣ್ಣಾ!" ಎಂದು ಜನ ಅಪ್ಪನನ್ನು ಕೂಗಿದರು.

ಅಪ್ಪ ಕೋವಿ ಎತ್ತಿದ. ಇಳಿಸಿದ. ಮತ್ತೆ ಎತ್ತಿದ.

"ಆಗಾಕಿಲ್ಲ ಕಣಮ್ಮೀ. ಅವ್ನಿಗೇ ತಾಕ್ಬುಟ್ರೆ? ಬೇಕೂಂತ ಹೊಡ್ದ ಅಂತಾರೆ."

ಅವ್ವ ಕುಂಟುತ್ತ ಬಂದು ಕೋವಿ ಕಿತ್ತುಕೊಂಡಳು. ಸೆರಗು ಸಿಕ್ಕಿಸಿ, ಕೆಟ್ಟ ಕಾಲನ್ನು ಚಾಚಿ ಕುಳಿತು, ನಳಿಗೆಯನ್ನು ಗಾಡಿಯ ಚಕ್ರದ ಕಡ್ಡಿಯ ಮೇಲೆ ಊರಿದಳು.

"ನಿಂಗಣ್ಣಾ, ಮಿಸುಕ್ಬ್ಯಾಡ ಕಣಪ್ಪಾ!"

ಸದ್ದಿಗೆ ನನ್ನ ಕಿವಿ ಕಿವುಡಾಯಿತು. ಹಂದಿ ಒಂದು ಸಲ ಮೈ ಕೊಡವಿ ಚಿಕ್ಕಪ್ಪನ ಮೇಲೆಯೇ ಒರಗಿತು. ಗುಂಡು ಕಿವಿಯ ಹಿಂದೆ ಹೊಕ್ಕಿತ್ತು. ಜನ ಹಂದಿಯನ್ನು ಎಳೆದು ಹಾಕಿದಾಗ ಚಿಕ್ಕಪ್ಪನ ಮುಖವೆಲ್ಲ ರಕ್ತ. ಕಣ್ಣು ಮುಚ್ಚಿಕೊಂಡಿದ್ದ. ಅಪ್ಪ "ಲೋ ನಿಂಗಾ, ಲೋ ತಮ್ಮಾ" ಎನ್ನುತ್ತ ಅವನನ್ನು ಎತ್ತಿ ಎದೆಗೊತ್ತಿಕೊಂಡ. ಆಗ ಚಿಕ್ಕಪ್ಪ ಉಸಿರಾಡಿದ.

ಪರವಾನಗಿ ಅಪ್ಪನ ಹೆಸರಿನಲ್ಲಿತ್ತು. ಪೊಲೀಸರೂ ಅರಣ್ಯದವರೂ ಬಂದಾಗ ಗದ್ದೆಯಲ್ಲಿದ್ದ ಪ್ರತಿಯೊಬ್ಬರೂ ಹೊಡೆದದ್ದು ಅಪ್ಪನೇ ಎಂದರು. ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದ ಚಿಕ್ಕಪ್ಪನೂ ಹಾಗೇ ಹೇಳಿದ.

ಅವನ ಎಡಗೈಯನ್ನು ಮೊಣಕೈಯವರೆಗೆ ತೆಗೆದಿದ್ದರು. ನೋಡಲು ಹೋದಾಗ ಅವ್ವ ತಿಳಿಸಾರು ಅನ್ನ ಕಲಸಿ ಅವನಿಗೆ ತಿನ್ನಿಸಿದಳು. ಒಂದೆರಡು ತುತ್ತು ನುಂಗಿ ಅವನೆಂದ, "ಅತ್ಗೆ, ಅಣ್ಣ ಕೋವಿ ಎತ್ತುದಾಗ ಕಣ್ ಬುಟ್ಕೊಂಡ್ ಅವನನ್ನೇ ನೋಡ್ತಿದ್ದೆ. ನನ್ನೇ ಮುಗುಸ್ಬುಡ್ತಾನೆ ಅಂದ್ಕೊಂಡೆ. ನಿನ್ ಕೈಗ್ ಬಂದ್ಮೇಲೆ ಕಣ್ ಮುಚ್ಕೊಂಡೆ."

ಅಪ್ಪ ಮಂಚದ ಕಾಲಬದಿಯಲ್ಲೇ ನಿಂತಿದ್ದ. ಗೋಡೆಯ ಕಡೆ ತಿರುಗಿದ. ಅವನ ಬೆನ್ನು ಕುಲುಕಿದ್ದನ್ನು ಕಂಡೆ. ಅಪ್ಪ ಅತ್ತದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಚಿಕ್ಕಪ್ಪ ಊರಿಗೆ ಬರುವ ಮೊದಲೇ ಅವನ ಕೊಟ್ಟಿಗೆಯಲ್ಲಿ ನಮ್ಮದೊಂದು ಎತ್ತು ಕಟ್ಟಿತ್ತು. ಅವನು ಬದುಕಿರುವವರೆಗೂ ಅವನ ಹೊಲದ ಉಳುಮೆ ಮುಗಿಸಿಯೇ ಅಪ್ಪ ನಮ್ಮ ಹೊಲಕ್ಕೆ ನೇಗಿಲು ತರುತ್ತಿದ್ದ. ಕೋವಿಯನ್ನು ಚುನಾವಣೆಯೊಂದರ ಸಮಯದಲ್ಲಿ ನಿಯಮದಂತೆ ಠಾಣೆಗೆ ಒಪ್ಪಿಸಿದವನು ವಾಪಸು ತರಲೇ ಇಲ್ಲ.

ಈಗ ಮೂವರೂ ಇಲ್ಲ. ನಾನು ಶ್ರೀರಂಗಪಟ್ಟಣದಲ್ಲಿದ್ದೇನೆ, ತೊಣ್ಣೂರು ಏನೂ ದೂರವಲ್ಲ. ದಾಯಾದಿಗಳಾದ ನಾವು ಯಾರೂ ಜಗಳವಾಡುವುದಿಲ್ಲ. ಸರ್ವೆಯವರು ಬಂದು ಅಳೆದು ಕಲ್ಲು ನೆಟ್ಟು ಹೋಗಿದ್ದಾರೆ. ಹಬ್ಬಕ್ಕೆ ಶುಭಾಶಯ ಕಳಿಸಿಕೊಳ್ಳುತ್ತೇವೆ. ಮೊನ್ನೆ ಚಿಕ್ಕಪ್ಪನ ಮಗನಿಗೆ ಅದೇ ಬಯಲಿನಲ್ಲಿ ಹಂದಿ ತಿವಿದಿದೆ. ಹೊಲದ ಆಚೀಚೆ ನಮ್ಮವರೇ ಇದ್ದರೂ ಅವನು ತಾನೇ ಆಂಬುಲೆನ್ಸಿಗೆ ಫೋನು ಮಾಡಿ, ಅದು ಬರುವ ತನಕ ಬದುವಿನ ಮೇಲೆ ಒಬ್ಬನೇ ಕುಳಿತಿದ್ದನಂತೆ. ನನಗೆ ಸುದ್ದಿ ತಿಳಿದದ್ದು ಮನೆಯವರ ವಾಟ್ಸಪ್ ಗುಂಪಿನಿಂದ. ಪಟ್ಟಿ ಸುತ್ತಿದ ಕಾಲಿನ ಚಿತ್ರ, ಅದರ ಕೆಳಗೆ ಒಬ್ಬೊಬ್ಬರಾಗಿ ಎಲ್ಲರೂ ಕಳಿಸಿದ ಮುಗಿದ ಕೈಗಳು. ನಾನೂ ಒಂದು ಕಳಿಸಿದೆ.