ನೆರಳಿಗೆ ನಿಲ್ಲಿಸಿದ ಗಾಡಿ

ಚನ್ನಗಿರಿಯ ಸೋಲಾರ್ ಅಂಗಡಿಯವನು ಮೊದಲು ಕೇಳಿದ್ದೇ, ಗಾಡಿ ದಿನಕ್ಕೆ ಎಷ್ಟು ತಾಸು ಬಿಸಿಲಲ್ಲಿ ನಿಂತಿರುತ್ತದೆ ಅಂತ. ನನಗೆ ನಗು ಬಂತು. ಸಂತೆ ಮಾಡುವವನನ್ನು ಹಿಡಿದು ಬಿಸಿಲಿನ ಲೆಕ್ಕ ಕೇಳುತ್ತಾನಲ್ಲ ಅಂದುಕೊಂಡೆ. ಬೆಳಗಿಂದ ಸಂಜೆಯವರೆಗೆ ಬಯಲಲ್ಲೇ ಬಿದ್ದಿರುತ್ತೇವೆ, ಬಿಸಿಲಿಗೇನು ಕೊರತೆ ಎಂದೆ. ಅವನು ಹಾಗೇ ಬರೆದುಕೊಂಡ. ಆ ಒಂದು ಉತ್ತರವನ್ನು ಯೋಚಿಸಿ ಕೊಡಲಿಲ್ಲವಲ್ಲ ಎಂದು ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ನಮ್ಮದು ಹೊನ್ನಾಳಿ. ನಾನೂ ನನ್ನ ಹೆಂಡತಿಯೂ ಇಪ್ಪತ್ತಾರು ವರ್ಷ ಸಂತೆಯಿಂದ ಸಂತೆಗೆ ತಿರುಗಿದವರು. ಸಂತೇಬೆನ್ನೂರು, ಸವಳಂಗ, ನ್ಯಾಮತಿ, ಆಗಾಗ ಜಗಳೂರು. ನಾನು ಲಂಗ, ನೈಟಿ, ರವಿಕೆ ಬಟ್ಟೆ ಮಾರುತ್ತಿದ್ದೆ. ಅವಳು ಪಕ್ಕದಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡು ಸೀರೆಗೆ ಫಾಲ್ ಹಚ್ಚಿ ಪಿಕೋ ಮಾಡಿಕೊಡುತ್ತಿದ್ದಳು. ಹೆಂಗಸರು ಸೀರೆ ಅವಳ ಮಡಿಲಿಗೆ ಹಾಕಿ, ಸಂತೆ ಸುತ್ತಿ, ತರಕಾರಿ ಚೀಲ ಹೊತ್ತು ವಾಪಸು ಬರುವಷ್ಟರಲ್ಲಿ ಸೀರೆ ಮಡಿಚಿ ಇಟ್ಟಿರುತ್ತಿದ್ದಳು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಸೊಸೆ ಬಸುರಿ, ಎಲ್ಲ ಸುದ್ದಿಯೂ ಮೊದಲು ಅವಳಿಗೇ ತಿಳಿಯುತ್ತಿತ್ತು.

ಆಮೇಲೆ ಅವಳಿಗೆ ಉಸಿರು ಸಾಲದಾಯಿತು. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ, ಪೂರ್ತಿ ವಾಸಿಯಾಗುವುದಿಲ್ಲ ಅಂದರು ಡಾಕ್ಟರು. ಮನೆಗೆ ಆಕ್ಸಿಜನ್ ಮಷೀನು ಬಂತು. ಅದು ಕರೆಂಟಿಗೆ ಹಾಕಿದರೆ ಗಾಳಿ ಎಳೆದು ಕೊಳವೆಯಲ್ಲಿ ಕೊಡುತ್ತದೆ, ಕರೆಂಟು ಹೋದರೆ ಸುಮ್ಮನಾಗುತ್ತದೆ. ಆ ಕೊಳವೆ ಮೂಗಿಗೆ ಸಿಕ್ಕಿಸಿಕೊಂಡು ಅವಳು ಕಿಟಕಿ ಪಕ್ಕ ಕೂತಳು. ನಾನೊಬ್ಬನೇ ಸಂತೆಗೆ ಹೋಗತೊಡಗಿದೆ. ಸಂಜೆ ಬಂದ ಕೂಡಲೇ ಯಾರು ಬಂದಿದ್ದರು, ಏನು ಕೇಳಿದರು ಅನ್ನುತ್ತಿದ್ದಳು. ಯಾರೋ ಬಂದಿದ್ದರು ಅನ್ನುತ್ತಿದ್ದೆ ನಾನು. ಇಷ್ಟು ವರ್ಷ ಸಂತೆ ಮಾಡಿಯೂ ಒಂದು ಮುಖ ಗುರುತಿಟ್ಟುಕೊಳ್ಳಲು ಬರಲಿಲ್ಲವಲ್ಲ ಎಂದು ಸಿಟ್ಟಾಗುತ್ತಿದ್ದಳು. ಆ ಸಿಟ್ಟಿಗೂ ಉಸಿರು ಬೇಕಾಗುತ್ತಿತ್ತು, ಅರ್ಧಕ್ಕೇ ನಿಂತುಬಿಡುತ್ತಿತ್ತು.

ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾರೋ ಹರೆಯದ ಗಂಡ ಹೆಂಡತಿ ವ್ಯಾನನ್ನೇ ಮನೆ ಮಾಡಿಕೊಂಡು ಊರೂರು ತಿರುಗುತ್ತಿದ್ದರು. ತಲೆ ಮೇಲೆ ಸೋಲಾರ್, ಒಳಗೆ ಫ್ಯಾನು, ಮಿಕ್ಸಿ, ಹಾಸಿಗೆ. ನಾವು ಮಾಡುತ್ತಿದ್ದುದೂ ಇದನ್ನೇ, ಇವರಿಗೆ ಹಾಸಿಗೆ ಒಂದು ಜಾಸ್ತಿ ಎಂದು ನಕ್ಕಳು. ಮೊಬೈಲು ಕೆಳಗಿಟ್ಟು ಕೇಳಿದಳು:

“ಅಂಥ ಗಾಡಿಯಾಗೆ ನನ್ನ ಗಾಳಿ ಮಷೀನೂ ನಡೀತೈತೇನ್ರೀ? ಒಂದ್ಸಲ ಸಂತೇಲಿ ಕುಂತು ಬರ್ಬೇಕು ಅನ್ಸೈತೆ.”

ಅವಳು ನನ್ನನ್ನು ಏನನ್ನೂ ಕೇಳಿದವಳಲ್ಲ. ಮರುದಿನವೇ ಚನ್ನಗಿರಿಗೆ ಹೋದೆ.

ಅಂಗಡಿಯವನು ತಿಳಿದವನೇ. ಹೊಲಿಗೆ ಮಷೀನಿನ ಮೋಟಾರು ಅಷ್ಟೇನೂ ಎಳೆಯುವುದಿಲ್ಲ, ಗಾಳಿ ಮಷೀನೇ ಬಕಾಸುರ ಅಂದ. ನಮ್ಮದು ಸಣ್ಣ ವ್ಯಾನು, ಹೆಚ್ಚು ಭಾರ ತಡೆಯದು. ದೊಡ್ಡ ಬ್ಯಾಟರಿ ಹಾಕಿಸಿ ತಲೆ ಮೇಲೆ ಒಂದೇ ಪ್ಯಾನೆಲ್ ಕೂರಿಸಬಹುದು, ಇಲ್ಲವೇ ಸಣ್ಣ ಬ್ಯಾಟರಿ ಹಾಕಿಸಿ ಎರಡು ಪ್ಯಾನೆಲ್ ಕೂರಿಸಬಹುದು. ದೊಡ್ಡ ಬ್ಯಾಟರಿಯಾದರೆ ಬಿಸಿಲಿರಲಿ ಬಿಡಲಿ ಇಡೀ ದಿನ ನಡೆಯುತ್ತದೆ. ಸಣ್ಣದಾದರೆ ಅದೊಂದರಿಂದಲೇ ನಾಲ್ಕೈದು ತಾಸು, ಮುಂದೆ ಬಿಸಿಲೇ ನಡೆಸಬೇಕು. ದೊಡ್ಡ ಬ್ಯಾಟರಿಯ ಪೆಟ್ಟಿಗೆ ಇಟ್ಟರೆ ಅವಳು ಕಾಲು ಚಾಚಿ ಮಲಗಲು ಜಾಗ ಉಳಿಯುತ್ತಿರಲಿಲ್ಲ. ವಿಡಿಯೋದವರಿಗಿದ್ದ ಹಾಸಿಗೆ ಇವಳಿಗೂ ಇರಲಿ ಅಂತ ನನ್ನ ಹಟ. ಎರಡು ಪ್ಯಾನೆಲ್ ಅಂದೆ. ಒಂದು ಕೊಂಬೆಯ ನೆರಳು ಬಿದ್ದರೂ ಪ್ಯಾನೆಲ್ ಕೆಲಸ ಕೆಡುತ್ತದೆ, ನೋಡಿ ನಿಲ್ಲಿಸಿ ಎಂದು ಅವನು ಎರಡು ಸಲ ಹೇಳಿದ. ಮಾರುವವರ ಮಾತು ಅಂತ ತಲೆಯಾಡಿಸಿದೆ.

ಬ್ಯಾಟರಿ ಏರಿಳಿಯುವುದನ್ನು ತೋರಿಸುವ ಮೀಟರನ್ನು ಅವಳ ಹೊಲಿಗೆ ಮಷೀನಿನ ಎದುರಿಗೇ ಹಾಕಿಸಿದೆ. ನೋಡುತ್ತಾ ಕೂತರೆ ಧೈರ್ಯ ಇರುತ್ತದೆ ಅಂತ. ಆಸ್ಪತ್ರೆಯವರು ಕೊಟ್ಟಿದ್ದ ಪುಟ್ಟ ಸಿಲಿಂಡರನ್ನು ಇರಲಿ ಎಂದು ಸೀಟಿನ ಕೆಳಗೆ ತುರುಕಿದೆ.

ಇಲ್ಲಿ ಸಂತೆಯ ಒಂದು ರಿವಾಜು ಹೇಳಬೇಕು. ಸಂತೇಬೆನ್ನೂರಿನಲ್ಲಿ ನಾವು ಕೂರುವ ಮೂಲೆಯಲ್ಲಿ ಒಂದೇ ಹುಣಸೆಮರ. ಅದರ ನೆರಳು ಹಿರಿಯರಿಗೆ. ಹೊಸಬರು ಬಿಸಿಲಲ್ಲಿ ಟಾರ್ಪಾಲು ಕಟ್ಟಿಕೊಳ್ಳಬೇಕು. ಹಿರಿಯರೊಬ್ಬರು ಸಂತೆ ಬಿಟ್ಟರೆ ಒಬ್ಬರು ಒಳಗೆ ಸರಿಯುತ್ತಾರೆ. ಇಪ್ಪತ್ತಾರು ವರ್ಷದಲ್ಲಿ ನಾವು ಮರದ ಅಂಚಿನವರೆಗೆ ಸರಿದಿದ್ದೆವು ಅಷ್ಟೆ. ಬುಡದಲ್ಲಿ ಕೂರುತ್ತಿದ್ದವಳು ಎಲೆ ಅಡಿಕೆ ಮಾರುವ ಅಜ್ಜಿ. ಆ ಜಾಗದ ಮೇಲೆ ನನ್ನವಳಿಗೆ ಮೊದಲಿಂದಲೂ ಕಣ್ಣು. ಅಜ್ಜಿ ನೂರು ವರ್ಷ ಬಾಳುತ್ತಾಳೆ, ನನಗೆಲ್ಲಿ ಸಿಗುತ್ತೆ ಎಂದು ಚೇಷ್ಟೆ ಮಾಡುತ್ತಿದ್ದಳು.

ಅವತ್ತು ಸಂತೇಬೆನ್ನೂರಿನಲ್ಲಿ ಗಾಡಿ ನಿಂತ ಕೂಡಲೇ ಜನ ಮುತ್ತಿಕೊಂಡರು. ಮೂಗಿನ ಕೊಳವೆ ನೋಡಿ ಕೆಲವರು ಸೆರಗು ಬಾಯಿಗೆ ಒತ್ತಿಕೊಂಡರು. ಅಜ್ಜಿ ಎದ್ದು, ಎಲೆ ಬುಟ್ಟಿ ಎತ್ತಿ ಬಿಸಿಲಿಗಿಟ್ಟಳು.

“ಬಾರವ್ವ. ಈ ನೆಳ್ಳು ಇವತ್ತು ನಿಂದು. ನಂಗೆ ಛತ್ರಿ ಐತೆ.”

ಬೇಡ ಅನ್ನುವುದುಂಟೇ? ಅಕ್ಕಪಕ್ಕದವರು ಮೂಟೆಗಳನ್ನು ಸರಿಸಿ ದಾರಿ ಮಾಡಿದರು. ನಾನು ಎದೆ ಉಬ್ಬಿಸಿಕೊಂಡು ಗಾಡಿಯನ್ನು ಹಿಂದಕ್ಕೆ ತೆಗೆದು ಮರದ ಬುಡಕ್ಕೆ ನಿಲ್ಲಿಸಿದೆ. ತಲೆ ಮೇಲೆ ಎರಡು ಪ್ಯಾನೆಲ್ ಇವೆ ಅನ್ನುವುದೇ ಮರೆತುಹೋಗಿತ್ತು. ನೆರಳು ಸಿಕ್ಕಿದರೆ ನೆರಳಿಗೆ ಗಾಡಿ ಹಾಕುವುದು ನನ್ನ ಕೈಗೆ ಅಷ್ಟು ರೂಢಿಯಾಗಿತ್ತು.

ಅವಳು ಹೊಲಿದಳು. ನಿಧಾನಕ್ಕೆ, ಆದರೆ ಹೊಲಿದಳು. ಒಬ್ಬಳು ಮಗಳ ಮದುವೆ ಸೀರೆ ತಂದಿದ್ದಳು, ನಿನ್ನ ಕೈಯಿಂದಲೇ ಆಗಬೇಕು ಅಂತ ಎರಡು ತಿಂಗಳಿಂದ ಹಾಗೇ ಮಡಿಚಿ ಇಟ್ಟಿದ್ದಳಂತೆ. ನಾನು ವ್ಯಾಪಾರದ ನಡುವೆ ತಿರುಗಿ ತಿರುಗಿ ನೋಡುತ್ತಿದ್ದೆ. ಅವಳ ಮುಖ ನೋಡಿದೆ, ಮೀಟರ್ ನೋಡಲಿಲ್ಲ.

ಮಧ್ಯಾಹ್ನ ಒಂದೂವರೆಗೆ ಗಾಳಿ ಮಷೀನು ಕೂಗಿಕೊಂಡು ನಿಂತಿತು. ನಾನು ಓಡಿ ಬಂದಾಗ ಅವಳ ತುಟಿ ನೀಲಿಯಾಗಿತ್ತು. ಸಿಲಿಂಡರ್ ಹಾಕಿ ಚನ್ನಗಿರಿ ಆಸ್ಪತ್ರೆ ಮುಟ್ಟಿಸಿದೆ. ಹೇಗೆ ಗಾಡಿ ಓಡಿಸಿದೆನೋ ನನಗೆ ನೆನಪಿಲ್ಲ.

ಮೂರನೇ ದಿನ ಅವಳು ಮಾತಾಡುವಂತಾದಳು. ನಾನು ಅತ್ತು, ನೆರಳಿಗೆ ನಿಲ್ಲಿಸಿದ ಮುಠ್ಠಾಳ ನಾನು ಎಂದೆ. ಅವಳು ನನ್ನ ಕೈ ಹಿಡಿದು ತಡೆದಳು.

“ಹತ್ತು ಗಂಟೇಗೇ ನೋಡಿದ್ದೆ ಕಣ್ರೀ. ಮೀಟರು ಇಳೀತಾನೇ ಇತ್ತು. ಹೇಳಿದ್ರೆ ನೀವು ಗಾಡೀನ ಬಿಸಿಲಿಗೆ ತೆಗೀತಿದ್ರಿ. ಆ ಅಜ್ಜಿ ಎದ್ದು ಕೊಟ್ಟ ಜಾಗ. ಬಿಟ್ಟು ಹೋಗಾಕೆ ನಂಗೆ ಮನಸ್ಸೇ ಬರ್ಲಿಲ್ಲ.”

ಡಾಕ್ಟರು ಇನ್ನು ತಿರುಗಾಟ ಬೇಡ ಅಂದರು. ಅವಳೂ ಮತ್ತೆ ಸಂತೆಗೆ ಕರೆದೊಯ್ಯಿ ಎಂದು ಕೇಳಲಿಲ್ಲ. ಒಂದೂವರೆ ತಿಂಗಳು ಕಿಟಕಿ ಪಕ್ಕ ಇದ್ದಳು, ಆಮೇಲೆ ಇರಲಿಲ್ಲ. ದೊಡ್ಡ ಬ್ಯಾಟರಿ ಹಾಕಿಸಿದ್ದರೆ ಇನ್ನಷ್ಟು ದಿನ ಉಳಿಯುತ್ತಿದ್ದಳೇ ಎಂದು ಡಾಕ್ಟರನ್ನು ಕೇಳಿದೆ. ಹಾಗೆಲ್ಲ ಹೇಳಲು ಬರುವುದಿಲ್ಲ ಅಂದರು. ಇಲ್ಲ ಅಂದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಈಗಲೂ ಸಂತೆಗೆ ಹೋಗುತ್ತೇನೆ. ಅಜ್ಜಿ ಬುಡಕ್ಕೆ ವಾಪಸು ಹೋಗಿಲ್ಲ, ಛತ್ರಿ ಹಿಡಿದು ಬಿಸಿಲಲ್ಲೇ ಕೂರುತ್ತಾಳೆ. ಬೇರೆ ಯಾರೂ ಒಳಗೆ ಸರಿದಿಲ್ಲ. ಗಾಡಿ ಅಲ್ಲೇ ಹಾಕು ಅಂತ ನನ್ನನ್ನು ಕರೆಯುತ್ತಾರೆ. ನಾನು ಹಾಕುವುದಿಲ್ಲ. ಬಯಲಲ್ಲಿ, ಎಲ್ಲಿಯೂ ಒಂದು ಎಲೆಯ ನೆರಳೂ ಬೀಳದ ಕಡೆ ನಿಲ್ಲಿಸುತ್ತೇನೆ. ಹನ್ನೊಂದು ಗಂಟೆಗೆಲ್ಲ ಬ್ಯಾಟರಿ ತುಂಬಿರುತ್ತದೆ. ಸಂಜೆಯವರೆಗೂ ಹಾಗೇ ತುಂಬಿಕೊಂಡು ಇರುತ್ತದೆ, ಅದರಿಂದ ನಡೆಸಲು ನನ್ನ ಹತ್ತಿರ ಏನೂ ಇಲ್ಲ.