ಇಲ್ಲದ ಕಾಯಿಲೆಗೆ ಬಾರ್ಲಿ ಗಂಜಿ

ಹೋದ ವಾರ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಬಾರ್ಲಿಯ ಪೊಟ್ಟಣವೊಂದು ಸಿಕ್ಕಿತು. ಅದರ ಬಾಯಿಗೆ ಕೆಂಪು ಮಗ್ಗದ ನೂಲು ಸುತ್ತಿ ಎರಡು ಗಂಟು ಹಾಕಿತ್ತು. ಹಾಗೆ ಗಂಟು ಹಾಕುತ್ತಿದ್ದವಳು ಒಬ್ಬಳೇ, ನನ್ನ ಓರಗಿತ್ತಿ, ಮೈದುನನ ಹೆಂಡತಿ. ಮೂಸಿ ನೋಡಿದೆ. ಸ್ವಲ್ಪ ಮುಗ್ಗಲು, ಸ್ವಲ್ಪ ಗೋಣಿಚೀಲದ ವಾಸನೆ… ತಮಿಳುನಾಡಿನ ಪಲ್ಲಡಂ ಪಕ್ಕದ ನಮ್ಮ ಹಳೆಯ ಮಗ್ಗದ ಮನೆ ಕಣ್ಣ ಮುಂದೆ ಬಂತು.

ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎಂಬತ್ತರ ದಶಕದ ಶುರುವಿನಲ್ಲಿ ಕೊಳ್ಳೇಗಾಲದ ಕಡೆಯಿಂದ ನಮ್ಮ ಮನೆಗೆ ಕಿರಿ ಸೊಸೆಯಾಗಿ ಬಂದಳು. ನಾವು ತಲೆತಲಾಂತರದಿಂದ ಇಲ್ಲೇ ನೇಯ್ದುಕೊಂಡು ಬಂದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ನಮ್ಮ ಕನ್ನಡದಲ್ಲೂ ಅರ್ಧ ತಮಿಳೇ. ಅವಳು ಬಾಯಿ ತೆರೆದರೆ ಅತ್ತೆ ಕೈಯ ಕೆಲಸ ಬಿಟ್ಟು ಕೇಳುತ್ತಿದ್ದರು. ನಮ್ಮಲ್ಲಿ ಯಾರಿಗೂ ಬಾರದ ಕನ್ನಡ ಅಕ್ಷರ ಅವಳಿಗೆ ಬರುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಕೈ ಹಿಡಿದು ನನಗೂ ತಿದ್ದಿಸಿದಳು. ಇದನ್ನು ಬರೆಯುತ್ತಿರುವುದು ಅವಳು ಕಲಿಸಿದ ಅಕ್ಷರದಲ್ಲೇ. ಕಲಿಯುವಾಗಲೂ ಇವಳಿಗೆ ಇದೂ ಬರಬೇಕಿತ್ತೇ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಮಗ್ಗದಲ್ಲೂ ಅವಳದೇ ಮೇಲುಗೈ. ಗುಂಡಿಯಲ್ಲಿ ಕಾಲಿಳಿಸಿ ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಏಳದಿರುವುದಕ್ಕೆ ಕಾರಣವೂ ಇತ್ತೆನ್ನಿ. ಆಗ ನಮ್ಮ ಬೀದಿಯ ಯಾವ ಮನೆಯಲ್ಲೂ ಕಕ್ಕಸು ಇರಲಿಲ್ಲ. ಹೆಂಗಸರು ಬೆಳಕು ಹರಿಯುವ ಮೊದಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಜೋಳದ ಹೊಲದ ಕಡೆ ಹೋಗಬೇಕು. ನಡುವಿನ ಹೊತ್ತು ತಡೆದುಕೊಳ್ಳಬೇಕು. ಅದಕ್ಕೆ ನಾವೆಲ್ಲ ಕಂಡುಕೊಂಡಿದ್ದ ಉಪಾಯವೆಂದರೆ ನೀರು ಕುಡಿಯದಿರುವುದು. ಬಸುರಿಯಾದ ಮೇಲೂ ಅವಳು ಹಾಗೆಯೇ ಇದ್ದಳು.

ಬಸುರಿ ಎಂದೆನಲ್ಲ… ನನಗೆ ಮದುವೆಯಾಗಿ ಆರು ವರ್ಷವಾಗಿತ್ತು, ಹೊಟ್ಟೆ ತುಂಬಿರಲಿಲ್ಲ. ಅವಳು ಬಂದು ವರ್ಷ ತಿರುಗುವುದರೊಳಗೆ ವಾಂತಿ ಮಾಡತೊಡಗಿದಳು. ಅವತ್ತು ನಾನು ನೇಯ್ದ ಬಟ್ಟೆಯ ಅಂಚು ಅಂಕುಡೊಂಕಾಗಿತ್ತು.

ಐದನೆಯ ತಿಂಗಳಲ್ಲಿ ಅವಳಿಗೆ ಉರಿಮೂತ್ರ ಶುರುವಾಯಿತು. ಪಲ್ಲಡಂನ ವೈದ್ಯರು ಏಳು ದಿನಕ್ಕೆ ಕ್ಯಾಪ್ಸೂಲ್ ಕೊಟ್ಟು, ಗುಣವಾದರೂ ಬಿಡದೆ ಎಲ್ಲವನ್ನೂ ನುಂಗಬೇಕು ಎಂದು ಹೇಳಿ ಕಳಿಸಿದರು. ಅತ್ತೆ ಅವಳನ್ನು ಮಗ್ಗದಿಂದ ಎಬ್ಬಿಸಿ ಚಾಪೆಯ ಮೇಲೆ ಮಲಗಿಸಿದರು. ತಾವೇ ಬಾರ್ಲಿ ಬೇಯಿಸಿ, ಮಜ್ಜಿಗೆ ಕಲಸಿ, ಸಣ್ಣ ಈರುಳ್ಳಿ ಹೆಚ್ಚಿ ಹಾಕಿ, ಹೊತ್ತು ಹೊತ್ತಿಗೂ ಲೋಟ ತಂದು ಪಕ್ಕದಲ್ಲಿ ಕೂತು ಕುಡಿಸಿದರು. ಆರು ವರ್ಷದಲ್ಲಿ ನನಗೆ ಜ್ವರ ಬಂದಿದ್ದಾಗ ಒಂದು ಲೋಟ ಬಿಸಿನೀರು ಕೊಟ್ಟವರಲ್ಲ ಅವರು.

ಮೂರನೆಯ ದಿನ ಅವಳ ಉರಿ ನಿಂತಿತು. ಅದೇ ದಿನ ನಾನು ಕಾಲು ಮಡಚಿ ಮೂಲೆಯಲ್ಲಿ ಕೂತು, ನನಗೂ ಹಾಗೇ ಆಗುತ್ತಿದೆ ಎಂದೆ. ನನಗೆ ಏನೂ ಆಗಿರಲಿಲ್ಲ. ಆ ಲೋಟ ನನ್ನ ಪಕ್ಕಕ್ಕೂ ಬರಬೇಕಿತ್ತು, ಅಷ್ಟೇ.

ನಮ್ಮ ಮನೆಯಲ್ಲಿ ಮಾತ್ರೆ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಒಬ್ಬರಿಗೆ ವಾಸಿಯಾಗಿ ಉಳಿದದ್ದು ಅರಿಶಿನದ ಕೊಂಬಿನ ಡಬ್ಬಿಗೆ ಹೋಗುತ್ತಿತ್ತು, ಇನ್ನೊಬ್ಬರಿಗೆ ಬೇಕಾದಾಗ ಹೊರಗೆ ಬರುತ್ತಿತ್ತು. ಬೀದಿಯ ಎಲ್ಲ ಮನೆಗಳಲ್ಲೂ ಅದೇ ರೂಢಿ. ಅವಳು ಮಾತ್ರ ವೈದ್ಯರು ಹೇಳಿದ್ದನ್ನು ನೆನೆದು ಪೊಟ್ಟಣ ಹಿಡಿದು ಅನುಮಾನಿಸಿದಳು.

"ವಾಸಿ ಆದ್ಮೇಲೂ ಮಾತ್ರೆ ತಿಂದ್ರೆ ಉಡಂಬಿಗೆ ಸೂಡು ಆಗ್ತದೆ, ಮೈ ಕಾಯ್ತದೆ. ಹೊಟ್ಟೇಲಿ ಕೂಸಿದೆ. ದೊಡ್ಡವಳಿಗೆ ಕೊಡು," ಎಂದರು ಅತ್ತೆ.

ಅವಳು ನನ್ನ ಮುಖ ನೋಡಿದಳು. ನಾನು ಹಲ್ಲು ಕಚ್ಚಿ ಕಣ್ಣು ಮುಚ್ಚಿದೆ.

"ತಗೊಳ್ಳಿ ಅಕ್ಕ," ಎಂದು ಪೊಟ್ಟಣವನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ಈ ಸಂಕಟ ನಂಗೆ ಗೊತ್ತು."

ಬಾರ್ಲಿ ನನಗೂ ಬಂತು. ನಾಲ್ಕು ದಿನ ಮಗ್ಗ ಮುಟ್ಟದೆ ಮಹಾರಾಣಿಯ ಹಾಗೆ ಮಲಗಿದೆ. ಒಂದು ಕ್ಯಾಪ್ಸೂಲನ್ನೂ ಬಿಡದೆ ನುಂಗಿದೆ. ನಮ್ಮ ಬೀದಿಯಲ್ಲಿ ಕೈಗೆ ಬಂದ ಮಾತ್ರೆಯನ್ನು ಕೊನೆಯದರವರೆಗೂ ತಪ್ಪದೆ ನುಂಗಿದವಳು ನಾನೊಬ್ಬಳೇ ಇರಬೇಕು, ಅದೂ ಇಲ್ಲದ ಕಾಯಿಲೆಗೆ.

ತಿಂಗಳು ತುಂಬುವುದರೊಳಗೆ ಅವಳ ಉರಿ ಮರಳಿ ಬಂತು. ಈ ಸಲ ನಡುವೂ ನೋಯುತ್ತಿತ್ತು. ವೈದ್ಯರು ಅದೇ ಕ್ಯಾಪ್ಸೂಲ್ ಕೊಟ್ಟರು, ಹಿಡಿಯಲಿಲ್ಲ. ಬೇರೆ ಬಿಳಿ ಮಾತ್ರೆ ಕೊಟ್ಟರು, ಅದೂ ಹಿಡಿಯಲಿಲ್ಲ. ಹಲ್ಲು ಕಟಕಟಿಸುವ ಚಳಿಜ್ವರ ಹತ್ತಿತು. ಮೈದುನ ಬಾಡಿಗೆ ಕಾರು ತಂದು ಕೊಯಮತ್ತೂರಿನ ದೊಡ್ಡಾಸ್ಪತ್ರೆಗೆ ಸೇರಿಸಿದ. ಅತ್ತೆಯ ಜೊತೆ ಆರೈಕೆಗೆ ನಾನೂ ಹೋದೆ. ದಾರಿಯುದ್ದಕ್ಕೂ ಅತ್ತೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದರು. ನನಗಾಗಿ ಹೀಗೆ ಯಾರಾದರೂ ಅತ್ತಾರೇ ಎಂದು ಆ ಹೊತ್ತಿನಲ್ಲೂ ಯೋಚಿಸಿದ್ದು ಚೆನ್ನಾಗಿ ನೆನಪಿದೆ.

ಮೂತ್ರದಲ್ಲಿರುವ ಕ್ರಿಮಿಯನ್ನು ಬೆಳೆಸಿ, ಯಾವ ಔಷಧಕ್ಕೆ ಸಾಯುತ್ತದೆ ಎಂದು ನೋಡಲು ಮೂರು ದಿನ ಬೇಕಾಯಿತು. ಫಲಿತಾಂಶದ ಚೀಟಿ ಹಿಡಿದು ಬಂದ ಡಾಕ್ಟರಮ್ಮ, ಈ ಕ್ರಿಮಿ ಮಾತ್ರೆಗಳಿಗೆಲ್ಲ ಪಳಗಿಬಿಟ್ಟಿದೆ, ಇನ್ನು ಚುಚ್ಚುಮದ್ದೊಂದೇ ಉಳಿದಿರುವುದು ಎಂದರು. ಮೊದಲ ಸಲ ಕೊಟ್ಟ ಮಾತ್ರೆಯನ್ನು ಪೂರ್ತಿ ನುಂಗಿದೆಯಾ ಎಂದು ತಮಿಳಿನಲ್ಲಿ ಗದರಿ ಕೇಳಿದರು. ಅವಳು ನನ್ನ ಕಡೆ ತಿರುಗಿಯೂ ನೋಡದೆ, ತನ್ನ ಹರಕುಮುರಕು ತಮಿಳಿನಲ್ಲಿ, ನಾನೇ ಮರೆತೆ ಎಂದಳು. ಡಾಕ್ಟರಮ್ಮ ಅವಳನ್ನು ಚೆನ್ನಾಗಿ ಬೈದರು.

ಅಲ್ಲೂ ದೊಡ್ಡತನ ಅವಳದೇ ಆಯಿತು. ನಾನು ಗೋಡೆಗೆ ಒರಗಿ ನಿಂತೇ ಇದ್ದೆ.

ಚುಚ್ಚುಮದ್ದಿಗೆ ಜ್ವರ ಇಳಿಯಿತು. ಅಷ್ಟರಲ್ಲಿ ನೋವು ಕಾಣಿಸಿಕೊಂಡು, ದಿನ ತುಂಬದ ಕೂಸು ಹುಟ್ಟಿ, ಒಂದು ಹಗಲು ಉಸಿರಾಡಿತು. ಗಂಡು. ಮತ್ತೆ ಅವಳಿಗೆ ಮಕ್ಕಳಾಗಲಿಲ್ಲ.

ಎರಡು ವರ್ಷದ ಮೇಲೆ ನನಗೆ ಮಗಳು ಹುಟ್ಟಿದಳು. ಕೂಸಿಗೆ ಮೊದಲ ಎಣ್ಣೆನೀರು ಹಾಕಿದವಳು ಅವಳೇ. ಮಗಳು ನನಗಿಂತ ಚಿಕ್ಕಮ್ಮನನ್ನೇ ಹೆಚ್ಚು ಹಚ್ಚಿಕೊಂಡಳು. ನ್ಯಾಯವಾಗಿ ನಾನು ಸಂತೋಷಪಡಬೇಕಿತ್ತು. ಪಡಲಿಲ್ಲ.

ಮುಂದೆ ಅವರು ಬನಿಯನ್ ಕಾರ್ಖಾನೆಯಲ್ಲಿ ಕೆಲಸ ಹಿಡಿದು ತಿರುಪ್ಪೂರಿಗೆ ಹೋದರು. ಹಬ್ಬಕ್ಕೆ ಬಂದಾಗಲೆಲ್ಲ ಅವಳ ಚೀಲದಲ್ಲಿ ನನಗೊಂದು ಬಾರ್ಲಿ ಪೊಟ್ಟಣ ಇರುತ್ತಿತ್ತು. "ಅಕ್ಕಂದು ಉರಿ ಬರೋ ಮೈ," ಎಂದು ಎಲ್ಲರಿಗೂ ಹೇಳುತ್ತಿದ್ದಳು. ಮೂವತ್ತು ನಲವತ್ತು ವರ್ಷ ಅವಳೆದುರು ಕೂತು ಆ ಗಂಜಿ ಕುಡಿದೆ. ಪ್ರತಿ ಸಲವೂ, ಇವತ್ತು ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ… ಲೋಟ ಖಾಲಿಯಾಗುತ್ತಿತ್ತು. ಹೋದ ಆಡಿ ತಿಂಗಳಲ್ಲಿ, ನಿಮ್ಮ ಕಡೆಯ ಆಷಾಢದ ಹೊತ್ತಿಗೆ, ಅವಳು ತೀರಿಕೊಂಡಳು.

ಈಗ ಎರಡು ವಾರದಿಂದ ನನಗೆ ನಿಜವಾಗಿಯೂ ಉರಿ. ಕೊಯಮತ್ತೂರಿನ ಶರವಣಂಪಟ್ಟಿಯಲ್ಲಿರುವ ಮಗಳು ಪರೀಕ್ಷೆ ಮಾಡಿಸಿದಳು. ಔಷಧಗಳ ಉದ್ದನೆಯ ಪಟ್ಟಿಯಲ್ಲಿ ಕೆಲಸಕ್ಕೆ ಬರುವುದು ಎರಡೇ, ಎರಡೂ ಚುಚ್ಚುಮದ್ದು. ಆ ಕಾಲದ ಕ್ಯಾಪ್ಸೂಲಿನ ಕಥೆಯನ್ನು ಡಾಕ್ಟರ ಮುಂದೆ ಪೂರ್ತಿ ಹೇಳಿದೆ. ಅಂದು ಕೂಸು ಹೋದದ್ದು ಅದರಿಂದಲೇ ಎಂದು ಖಚಿತವಾಗಿ ಹೇಳಲು ಬರುವುದಿಲ್ಲ, ಅಲ್ಲವೆನ್ನಲೂ ಬರುವುದಿಲ್ಲ ಎಂದರು ಆ ಹುಡುಗ ಡಾಕ್ಟರು. ಕೇಳಬೇಕಾದವಳಿಗೆ ಹೇಳದೆ ಅವರಿಗೆ ಹೇಳಿ ಏನು ಬಂತು.

ಪೊಟ್ಟಣದ ಗಂಟು ಬಿಚ್ಚಿ, ಹುಳು ಆರಿಸಿ, ಒಂದು ಹಿಡಿ ಬೇಯಲಿಟ್ಟೆ. ಮಜ್ಜಿಗೆ ಕಲಸಿ, ಈರುಳ್ಳಿ ಹೆಚ್ಚಿ ಹಾಕಿ, ಲೋಟ ತಂದು ಮುಂದಿಟ್ಟುಕೊಂಡು ಕೂತೆ. ಪಕ್ಕದಲ್ಲಿ ಯಾರೂ ಇರಲಿಲ್ಲ.